ಗಾರ್ಸಿಯಾ ದ ಓರ್ಟಾ: ಹೆಸರುಗಳನ್ನು ಕಲೆಹಾಕಿದ ವೈದ್ಯ



ಮುಂಬಯಿಯ ಫೋರ್ಟ್ ಪ್ರದೇಶದಲ್ಲಿರುವ ಟೌನ್ ಹಾಲನ್ನು ನಿಮ್ಮಲ್ಲಿ ಬಹಳ ಮಂದಿ ನೋಡಿರುತ್ತೀರಿ. ಎತ್ತರದ ಬಿಳಿಯ ಕಂಬಗಳು, ಅಗಲವಾದ ಮೆಟ್ಟಿಲುಗಳು, ಒಳಗೆ ಏಷ್ಯಾಟಿಕ್ ಸೊಸೈಟಿಯ ಗ್ರಂಥಭಂಡಾರ. ಕಾಲೇಜಿನ ಬಿಡುವಿನಲ್ಲಿ ಆ ಮೆಟ್ಟಿಲುಗಳ ಮೇಲೆ ಕುಳಿತು ಸ್ನೇಹಿತರೊಡನೆ ಹರಟೆ ಹೊಡೆದವರೂ ಇದ್ದೀರಿ. ಆದರೆ ಆ ಕಟ್ಟಡದ ಹಿಂಬದಿಯಲ್ಲಿ ಏನಿದೆಯೆಂದು ಎಂದಾದರೂ ಯೋಚಿಸಿದ್ದೀರಾ?

ಅಲ್ಲಿರುವುದು ನಮ್ಮ ನೌಕಾಪಡೆಯ ನೆಲೆ, ಐ.ಎನ್.ಎಸ್. ಆಂಗ್ರೆ. ಅದರ ಆವರಣದಲ್ಲಿ ಇಂಗ್ಲಿಷರ ಕಾಲದ ಬಾಂಬೆ ಕ್ಯಾಸಲ್‌ನ ಅವಶೇಷಗಳಿವೆ. ಇಂಗ್ಲಿಷರು ಆ ಕೋಟೆ ಕಟ್ಟುವುದಕ್ಕೂ ಮುಂಚೆ, ಈಗ್ಗೆ ಸುಮಾರು ನಾಲ್ಕೂವರೆ ಶತಮಾನಗಳ ಹಿಂದೆ, ಅಲ್ಲಿ ಒಬ್ಬ ಪೋರ್ಚುಗೀಸ್ ವೈದ್ಯನ ಮನೆಯಿತ್ತು, ಸುತ್ತ ತೋಟವಿತ್ತು ಎನ್ನುತ್ತಾರೆ ಇತಿಹಾಸಕಾರರು. ಆತನಿಗೆ ಗುತ್ತಿಗೆಗೆ ದೊರೆತದ್ದು ಬರಿಯ ತೋಟವಲ್ಲ, ಇಡೀ ಮುಂಬಯಿ ದ್ವೀಪ!

ಆತನ ಹೆಸರು ಗಾರ್ಸಿಯಾ ದ ಓರ್ಟಾ. ಭಾರತದ ಗಿಡಮೂಲಿಕೆಗಳನ್ನೂ ಹಣ್ಣುಹಂಪಲುಗಳನ್ನೂ ಇಲ್ಲಿಯೇ ನೆಲೆಸಿ, ಕಣ್ಣಾರೆ ಕಂಡು, ಯುರೋಪಿಗೆ ತಿಳಿಸಿಕೊಟ್ಟವರಲ್ಲಿ ಮೊದಲಿಗ. ದೊಡ್ಡ ಹಡಗು ಹತ್ತಿ ಹೊಸ ಖಂಡ ಕಂಡುಹಿಡಿದವರ ಕಥೆಗಳನ್ನು ನೀವು ಶಾಲೆಯಲ್ಲಿ ಓದಿದ್ದೀರಿ. ಈತ ಶೋಧಿಸಿದ್ದು ಸಂತೆ, ಹಿತ್ತಿಲು ಮತ್ತು ಅಡಿಗೆಮನೆಗಳನ್ನು. ಈತನ ಬದುಕಿನಲ್ಲಿ ನಿಮಗೆ, ಅಂದರೆ ಹುಟ್ಟೂರು ಬಿಟ್ಟು ಬಂದವರ ಮಕ್ಕಳಾದ ನಿಮಗೆ, ವಿಶೇಷವಾಗಿ ತಟ್ಟುವ ಸಂಗತಿಯೊಂದಿದೆ. ಅದಕ್ಕಾಗಿಯೇ ಈ ಬರಹ.

ವಲಸೆ ಬಂದವರ ಮಗ

ಓರ್ಟಾ ಹುಟ್ಟಿದ್ದು ಸುಮಾರು 1501ರಲ್ಲಿ, ಸ್ಪೇನಿನ ಗಡಿಗೆ ಹತ್ತಿರವಿರುವ ಕಾಸ್ತೆಲೊ ದ ವೀದೆ ಎಂಬ ಪೋರ್ಚುಗಲ್ಲಿನ ಸಣ್ಣ ಊರಿನಲ್ಲಿ. ತಂದೆ ವ್ಯಾಪಾರಿ. ತಂದೆತಾಯಿ ಇಬ್ಬರೂ ಆ ಊರಿನವರಲ್ಲ. ಅವರು ಸ್ಪೇನಿನ ಯಹೂದಿಗಳು. 1492ರಲ್ಲಿ ಸ್ಪೇನಿನ ರಾಜದಂಪತಿಗಳು ತಮ್ಮ ರಾಜ್ಯದ ಯಹೂದಿಗಳೆಲ್ಲರೂ ಕ್ರೈಸ್ತರಾಗಬೇಕು, ಇಲ್ಲವೇ ದೇಶ ಬಿಟ್ಟು ತೊಲಗಬೇಕೆಂದು ಆಜ್ಞೆ ಹೊರಡಿಸಿದರು. ಸಾವಿರಾರು ಕುಟುಂಬಗಳು ಮನೆಮಾರು ಬಿಟ್ಟು ಗಡಿ ದಾಟಿ ಪೋರ್ಚುಗಲ್ಲಿಗೆ ಬಂದವು. ಓರ್ಟಾನ ಹಿರಿಯರೂ ಹಾಗೆ ಬಂದವರು.

ಬಂದ ಕಡೆಯಲ್ಲೂ ನೆಮ್ಮದಿ ಸಿಗಲಿಲ್ಲ. ಐದೇ ವರ್ಷಗಳಲ್ಲಿ, 1497ರಲ್ಲಿ, ಪೋರ್ಚುಗಲ್ಲಿನ ರಾಜ ಮನುವೆಲ್ ಯಹೂದಿಗಳಿಗೆ ಬಲವಂತದ ದೀಕ್ಷಾಸ್ನಾನ ಮಾಡಿಸಿದ. ಹೀಗೆ ಮತಾಂತರಗೊಂಡವರಿಗೆ 'ಹೊಸ ಕ್ರೈಸ್ತರು' ಎಂಬ ಹೆಸರು ಬಿತ್ತು. ಇಗರ್ಜಿಗೆ ಹೋದರೂ, ಎಲ್ಲರಂತೆ ಪ್ರಾರ್ಥಿಸಿದರೂ 'ಹೊಸಬರು' ಎಂಬ ಪಟ್ಟಿ ಮಕ್ಕಳು ಮೊಮ್ಮಕ್ಕಳ ತನಕ ಅಂಟಿಕೊಂಡೇ ಇತ್ತು. ಓರ್ಟಾನ ತಂದೆಗೆ ಲೋಕದ ಮುಂದೆ ಫೆರ್ನಾವೊ ಎಂದು ಹೆಸರು. ಮೊದಲಿನ ಹೆಸರು ಇಸಾಕ್. ಅದನ್ನು ಹೊರಗೆ ಹೇಳುವಂತಿರಲಿಲ್ಲ.

ಹೀಗೆ ಎರಡು ಹೆಸರುಗಳ ಮನೆಯಲ್ಲಿ ಬೆಳೆದ ಹುಡುಗ ಓದಿನಲ್ಲಿ ಚುರುಕಾಗಿದ್ದ. ಸ್ಪೇನಿನ ಸಾಲಮಾಂಕಾ ಮತ್ತು ಅಲ್ಕಲಾ ವಿಶ್ವವಿದ್ಯಾಲಯಗಳಲ್ಲಿ ವೈದ್ಯಶಾಸ್ತ್ರ ಕಲಿತು 1523ರಲ್ಲಿ ಪೋರ್ಚುಗಲ್ಲಿಗೆ ಮರಳಿದ. ಕೆಲಕಾಲ ಹುಟ್ಟೂರಿನಲ್ಲಿ, ಬಳಿಕ ಲಿಸ್ಬನ್ ನಗರದಲ್ಲಿ ವೈದ್ಯವೃತ್ತಿ ನಡೆಸಿದ. ಲಿಸ್ಬನ್ ವಿಶ್ವವಿದ್ಯಾಲಯದಲ್ಲಿ ಅಧ್ಯಾಪಕನೂ ಆದ. ಹೊರನೋಟಕ್ಕೆ ಎಲ್ಲವೂ ಸರಿಯಾಗಿಯೇ ಇತ್ತು. ಆದರೆ ಸ್ಪೇನಿನಲ್ಲಿದ್ದ ಇನ್‌ಕ್ವಿಸಿಶನ್ ಎಂಬ ಧಾರ್ಮಿಕ ವಿಚಾರಣಾ ನ್ಯಾಯಾಲಯ ಪೋರ್ಚುಗಲ್ಲಿಗೂ ಬರಲಿದೆ ಎಂಬ ಭೀತಿ ಹೊಸ ಕ್ರೈಸ್ತರಲ್ಲಿ ಹಬ್ಬಿತ್ತು. ಒಳಗೊಳಗೇ ಹಳೆಯ ಧರ್ಮ ಪಾಲಿಸುತ್ತಿದ್ದಾರೆಂಬ ಗುಮಾನಿ ಬಂದರೆ ಸಾಕು, ಸೆರೆ, ಚಿತ್ರಹಿಂಸೆ, ಕೊನೆಗೆ ಬೆಂಕಿ.

1534ರ ಮಾರ್ಚ್ ತಿಂಗಳಲ್ಲಿ, ನೌಕಾಧಿಪತಿ ಮಾರ್ತಿಂ ಅಫೊನ್ಸೊ ದ ಸೋಜಾ ಎಂಬವನ ವೈದ್ಯನಾಗಿ ಓರ್ಟಾ ಭಾರತದ ಹಡಗು ಹತ್ತಿದ. ಆರು ತಿಂಗಳ ಪ್ರಯಾಣದ ನಂತರ ಸೆಪ್ಟೆಂಬರಿನಲ್ಲಿ ಗೋವಾ ತಲುಪಿದ. ಎರಡು ವರ್ಷಗಳಲ್ಲಿ, 1536ರಲ್ಲಿ, ಪೋರ್ಚುಗಲ್ಲಿನಲ್ಲಿ ಇನ್‌ಕ್ವಿಸಿಶನ್ ಸ್ಥಾಪನೆಯಾಯಿತು. ಓರ್ಟಾ ಮತ್ತೆಂದೂ ಸ್ವದೇಶಕ್ಕೆ ಮರಳಲಿಲ್ಲ.

ಸುಲ್ತಾನನೊಡನೆ ಪಾಠ

ಆ ಕಾಲದ ನಮ್ಮ ನಾಡನ್ನು ಸ್ವಲ್ಪ ನೆನಪಿಸಿಕೊಳ್ಳಿ. ಗೋವಾ 1510ರವರೆಗೆ ಬಿಜಾಪುರದ ಆದಿಲ್ ಶಾಹಿಗಳ ಕೈಯಲ್ಲಿತ್ತು, ಆಮೇಲೆ ಪೋರ್ಚುಗೀಸರ ಪಾಲಾಯಿತು. ಹಂಪೆಯಲ್ಲಿ ಅಚ್ಯುತದೇವರಾಯ ಆಳುತ್ತಿದ್ದ. ಅರಬ್ಬೀ ಕುದುರೆಗಳು ಹಡಗಿನಲ್ಲಿ ಗೋವಾಕ್ಕೆ ಬಂದಿಳಿದು, ಅಲ್ಲಿಂದ ಘಟ್ಟ ಹತ್ತಿ ವಿಜಯನಗರಕ್ಕೆ ಹೋಗುತ್ತಿದ್ದವು. ಘಟ್ಟದ ಮೆಣಸು ಕೆಳಗಿಳಿದು ಬಂದರಿಗೆ ಬರುತ್ತಿತ್ತು.

ಓರ್ಟಾ ಮೊದಲ ನಾಲ್ಕು ವರ್ಷ ಸೋಜಾನ ದಂಡಿನೊಡನೆ ಪಶ್ಚಿಮ ಕರಾವಳಿಯಲ್ಲಿ ತಿರುಗಾಡಿದ. 1538ರ ಸುಮಾರಿಗೆ ಗೋವಾದಲ್ಲಿ ನೆಲೆನಿಂತ. ಗವರ್ನರುಗಳೂ ವೈಸರಾಯಿಗಳೂ ಆತನ ಕೈಯಿಂದಲೇ ಮದ್ದು ತೆಗೆದುಕೊಳ್ಳುತ್ತಿದ್ದರು. ಜೊತೆಗೆ ವ್ಯಾಪಾರವನ್ನೂ ಮಾಡಿದ. ಮನೆಯ ತೋಟದಲ್ಲಿ ಔಷಧಿಯ ಗಿಡಗಳನ್ನು ಬೆಳೆಸಿದ. ಬ್ರಿಯಾಂಡಾ ದ ಸೋಲಿಸ್ ಎಂಬ ಸಂಬಂಧಿಕಳನ್ನು ಮದುವೆಯಾದ. ಇಬ್ಬರು ಹೆಣ್ಣುಮಕ್ಕಳಾದರು.

ಆತನ ಖ್ಯಾತಿ ಗೋವಾದ ಗಡಿ ದಾಟಿತು. ಅಹಮದ್‌ನಗರದ (ಈಗಿನ ಅಹಿಲ್ಯಾನಗರ) ಸುಲ್ತಾನ ಬುರ್‌ಹಾನ್ ನಿಜಾಮ್ ಶಾಹ ಚಿಕಿತ್ಸೆಗೆಂದು ಓರ್ಟಾನನ್ನು ಕರೆಸಿಕೊಳ್ಳುತ್ತಿದ್ದ. ಬರಬರುತ್ತ ಇಬ್ಬರೂ ಸ್ನೇಹಿತರಾದರು. ಆ ಆಸ್ಥಾನದ ಹಕೀಮರು ಅರಬ್ಬೀ ವೈದ್ಯಗ್ರಂಥಗಳನ್ನು ಅರೆದು ಕುಡಿದವರು. ಸುಲ್ತಾನ ತನಗೆ ರೋಗಗಳ ಮತ್ತು ಮದ್ದುಗಳ ಹೆಸರನ್ನು ಅರಬ್ಬಿಯಲ್ಲಿ ಕಲಿಸಿದನೆಂದೂ, ತಾನು ಅವನಿಗೆ ಅವೇ ಹೆಸರುಗಳನ್ನು ಲ್ಯಾಟಿನ್ನಿನಲ್ಲಿ ಕಲಿಸಿದೆನೆಂದೂ ಓರ್ಟಾ ಬರೆದಿದ್ದಾನೆ. ಒಬ್ಬ ಸಿಂಹಾಸನದ ಮೇಲಿರುವವನು, ಇನ್ನೊಬ್ಬ ನಾಡಿ ಹಿಡಿಯುವವನು. ಇಬ್ಬರೂ ಎದುರುಬದುರು ಕುಳಿತು ಶುಂಠಿಗೆ ನಿಮ್ಮಲ್ಲಿ ಏನೆನ್ನುತ್ತೀರಿ ಎಂದು ಕೇಳಿಕೊಳ್ಳುತ್ತಿದ್ದ ದೃಶ್ಯವನ್ನು ಕಲ್ಪಿಸಿಕೊಳ್ಳಿ!

ಮುಂಬಯಿಯ ಮಾವು

ಇನ್ನು ಮುಂಬಯಿಯ ಸಂಗತಿ. 1534ರ ಡಿಸೆಂಬರಿನಲ್ಲಿ ಗುಜರಾತಿನ ಸುಲ್ತಾನ ಬಹಾದೂರ್ ಶಾಹ ವಸಾಯಿಯನ್ನೂ ಅದರೊಡನೆ ಮುಂಬಯಿಯ ದ್ವೀಪಗಳನ್ನೂ ಪೋರ್ಚುಗೀಸರಿಗೆ ಬಿಟ್ಟುಕೊಟ್ಟ. ಈಗ ಒಂದೇ ನೆಲವಾಗಿ ಕಾಣುವ ಊರು ಆಗ ಏಳು ದ್ವೀಪಗಳಾಗಿತ್ತು. ಅವುಗಳಲ್ಲಿ ಮುಂಬಯಿ ಎಂಬ ದ್ವೀಪವನ್ನು 1554ರ ಸುಮಾರಿಗೆ ವೈಸರಾಯಿ ಓರ್ಟಾನಿಗೆ ವರ್ಷಕ್ಕಿಷ್ಟೆಂದು ಕಂದಾಯ ಗೊತ್ತುಮಾಡಿ ಗುತ್ತಿಗೆಗೆ ಕೊಟ್ಟ. ಆಗಿನ ಮುಂಬಯಿಯೆಂದರೆ ತೆಂಗಿನ ತೋಪು, ಗದ್ದೆ, ಮೀನುಗಾರರ ಗುಡಿಸಲುಗಳು, ಅಷ್ಟೆ.

ತನ್ನ ಪುಸ್ತಕದಲ್ಲಿ ಓರ್ಟಾ ಈ ದ್ವೀಪದ ಮಾವಿನ ಮರವೊಂದನ್ನು ಹೆಮ್ಮೆಯಿಂದ ನೆನೆಯುತ್ತಾನೆ. ಅದು ವರ್ಷಕ್ಕೆ ಎರಡು ಸಲ ಫಲ ಕೊಡುತ್ತಿತ್ತಂತೆ, ಒಮ್ಮೆ ಮೇ ತಿಂಗಳ ಕೊನೆಗೆ, ಇನ್ನೊಮ್ಮೆ ಕ್ರಿಸ್‌ಮಸ್ ಹೊತ್ತಿಗೆ. ಮುಂಬಯಿಯಿಂದ ಅವನ ಒಕ್ಕಲಿನವನೊಬ್ಬ ದೋಣಿಯಲ್ಲಿ ಮಾವಿನ ಬುಟ್ಟಿ ತಂದನೆಂದು ಮನೆಯಾಳು ಬಂದು ತಿಳಿಸುವ ಸನ್ನಿವೇಶವೂ ಅದರಲ್ಲಿದೆ. ಎಲಿಫೆಂಟಾ ಗುಹೆಗಳನ್ನೂ ಆತ ನೋಡಿ ಬೆರಗಾಗಿದ್ದಾನೆ. ಆ ಶಿಲ್ಪಗಳ ಬಗ್ಗೆ ಯುರೋಪಿನವರು ಬರೆದ ಮೊಟ್ಟಮೊದಲ ವರ್ಣನೆಗಳಲ್ಲಿ ಆತನದೂ ಒಂದು.

ಮುಂದೆ 1661ರ ಒಪ್ಪಂದದಂತೆ ಪೋರ್ಚುಗಲ್ಲಿನ ರಾಜಕುಮಾರಿಯ ವರದಕ್ಷಿಣೆಯಾಗಿ ಮುಂಬಯಿ ಇಂಗ್ಲೆಂಡಿನ ದೊರೆಗೆ ಹೋಯಿತು. ಆತ ಅದನ್ನು 1668ರಲ್ಲಿ ವರ್ಷಕ್ಕೆ 10 ಪೌಂಡಿನ ಬಾಡಿಗೆಗೆ ಈಸ್ಟ್ ಇಂಡಿಯಾ ಕಂಪೆನಿಗೆ ಕೊಟ್ಟ. ಇಂದು ಒಂದು ಕೋಣೆಯ ಬಾಡಿಗೆಗೆ ಒದ್ದಾಡುವ ನಮಗೆ ಇದು ನಗು ತರಿಸುವ ಮಾತೇ ಸರಿ.

ಆಡುಮಾತಿನಲ್ಲಿ ಬರೆದ ಶಾಸ್ತ್ರ

ಗೋವಾದಲ್ಲಿ ಸುಮಾರು ಮೂರು ದಶಕ ಕಳೆದ ಮೇಲೆ, 1563ರ ಏಪ್ರಿಲ್ 10ರಂದು, ಓರ್ಟಾನ ಪುಸ್ತಕ ಗೋವಾದ ಅಚ್ಚುಕೂಟದಿಂದ ಹೊರಬಂತು. ಭಾರತಕ್ಕೆ ಮುದ್ರಣಯಂತ್ರ ಬಂದು ಆಗ ಏಳೇ ವರ್ಷಗಳಾಗಿದ್ದವು. 'ಭಾರತದ ಮೂಲಿಕೆಗಳು ಮತ್ತು ಔಷಧಿಗಳ ಕುರಿತ ಸಂವಾದಗಳು' ಎಂಬುದು ಅದರ ಹೆಸರಿನ ಸಾರಾಂಶ. ಪುಸ್ತಕದಲ್ಲಿ 57 ಸಂವಾದಗಳಿವೆ. ಮುದ್ರಣದ ತಪ್ಪುಗಳು ಎಷ್ಟಿದ್ದವೆಂದರೆ ಪುಟಗಟ್ಟಲೆ ತಪ್ಪೋಲೆ ಸೇರಿಸಬೇಕಾಯಿತು. ನಮ್ಮ ಸಂಘದ ಪತ್ರಿಕೆಯ ಕರಡು ತಿದ್ದುವವರಿಗೆ ಇದರಿಂದ ಸ್ವಲ್ಪ ಸಮಾಧಾನವಾದೀತು!

ಅಂದಿನ ಯುರೋಪಿನಲ್ಲಿ ಶಾಸ್ತ್ರಗ್ರಂಥವೆಂದರೆ ಲ್ಯಾಟಿನ್ನಿನಲ್ಲೇ ಇರಬೇಕು. ಓರ್ಟಾನಿಗೆ ಲ್ಯಾಟಿನ್ ಚೆನ್ನಾಗಿಯೇ ಬರುತ್ತಿತ್ತು. ಆದರೂ ಆತ ಆರಿಸಿಕೊಂಡದ್ದು ಜನ ಆಡುವ ಪೋರ್ಚುಗೀಸ್ ಭಾಷೆಯನ್ನು. ಭಾರತದಲ್ಲಿ ವಾಸಿಸುವ ಸಾಮಾನ್ಯರಿಗೂ ಅದು ಪ್ರಯೋಜನವಾಗಬೇಕೆಂಬುದು ಆತನ ಉದ್ದೇಶ.

ಪುಸ್ತಕದ ರಚನೆಯೂ ಸೊಗಸಾಗಿದೆ. ರುವಾನೊ ಎಂಬ ಕಲ್ಪಿತ ವೈದ್ಯನೊಬ್ಬ ಯುರೋಪಿನಿಂದ ಹೊಸದಾಗಿ ಗೋವಾಕ್ಕೆ ಬಂದು ಓರ್ಟಾನ ಮನೆಯಲ್ಲಿ ಇಳಿದುಕೊಳ್ಳುತ್ತಾನೆ. ಆತ ಮಾತೆತ್ತಿದರೆ ಗ್ರೀಕ್ ಗ್ರಂಥಗಳು ಹೀಗೆನ್ನುತ್ತವೆ, ಗ್ಯಾಲನ್ ಹೀಗೆಂದಿದ್ದಾನೆ ಎನ್ನುತ್ತಾನೆ. ಓರ್ಟಾ ಸಮಾಧಾನದಿಂದ ಕೇಳಿಸಿಕೊಂಡು, ನಾನು ಕಣ್ಣಾರೆ ನೋಡಿದ್ದು ಬೇರೆ ಎನ್ನುತ್ತಾನೆ. ನಿಜಕ್ಕೂ ಈ ರುವಾನೊ ಬೇರೆ ಯಾರೂ ಅಲ್ಲ, ಹಡಗಿನಿಂದಿಳಿದ ದಿನದ ತರುಣ ಓರ್ಟಾನೇ ಎಂದು ಓದುವವರಿಗೆ ಅನಿಸುತ್ತದೆ. ತಾನು ಸ್ಪೇನಿನಲ್ಲಿದ್ದಿದ್ದರೆ ಗ್ಯಾಲನ್ನನ ವಿರುದ್ಧ ಮಾತನಾಡುವ ಧೈರ್ಯ ಮಾಡುತ್ತಿರಲಿಲ್ಲವೆಂದೂ ಆತ ಒಪ್ಪಿಕೊಳ್ಳುತ್ತಾನೆ.

ಈ ಮಾತುಕತೆಯ ನಡುವೆ ಆಗಾಗ ಬಂದುಹೋಗುವವಳು ಅಂತೋನಿಯಾ. ಆ ಹಣ್ಣು ತಾ, ಈ ಎಲೆ ತಾ ಎಂದರೆ ಸಂತೆಯಿಂದಲೋ ತೋಟದಿಂದಲೋ ತಂದುಕೊಡುತ್ತಾಳೆ, ಅದರ ಗುಣವನ್ನೂ ಹೇಳುತ್ತಾಳೆ. ಮಲುಪ ಎಂಬ ಸ್ಥಳೀಯ ಹಿಂದೂ ವೈದ್ಯನೂ ಒಮ್ಮೆ ಕಾಣಿಸಿಕೊಳ್ಳುತ್ತಾನೆ. ಆ ಹೆಸರು ಕೇಳಿದೊಡನೆ ನಮ್ಮ ಕಿವಿಗೆ ಯಾವುದೋ ಮಲ್ಲಪ್ಪನನ್ನು ಕರೆದಂತಾಗುತ್ತದೆ!

ಪ್ರತಿಯೊಂದು ವಸ್ತುವಿನ ವಿಷಯ ಬಂದಾಗಲೂ ಓರ್ಟಾ ಮೊದಲು ಕೇಳುವುದು ಒಂದೇ ಪ್ರಶ್ನೆ: ಇದಕ್ಕೆ ಯಾವ ನಾಡಿನಲ್ಲಿ ಏನೆನ್ನುತ್ತಾರೆ? ವೀಳ್ಯದೆಲೆಗೆ ಮಲಬಾರಿನಲ್ಲಿ 'ಬೆತ್ರೆ', ಗುಜರಾತ್ ಮತ್ತು ದಖ್ಖನಿನಲ್ಲಿ 'ಪಾನ್', ಮಲಯದಲ್ಲಿ 'ಸಿರಿ' ಎಂದು ಪಟ್ಟಿ ಮಾಡುತ್ತಾನೆ. ಹುಣಸೆಯ ಅರಬ್ಬೀ ಹೆಸರಿಗೆ 'ಭಾರತದ ಖರ್ಜೂರ' ಎಂಬ ಅರ್ಥವಿದೆ. ಹೆಸರು ಹಾಗಿದ್ದರೂ ಹುಣಸೆ ಬಿಡುವುದು ತಾಳೆಯ ಜಾತಿಯ ಮರದಲ್ಲಲ್ಲ ಎಂದು ಆತ ಸ್ಪಷ್ಟಪಡಿಸುತ್ತಾನೆ. ಕೇಳುವುದಕ್ಕೆ ಇದು ಸಣ್ಣ ಸಂಗತಿ. ಆದರೆ ಹೆಸರು ತಪ್ಪಿದರೆ ಮದ್ದು ತಪ್ಪುತ್ತದೆ, ಮದ್ದು ತಪ್ಪಿದರೆ ರೋಗಿಯ ಪ್ರಾಣ ಹೋಗುತ್ತದೆ ಎಂಬುದು ವೈದ್ಯನಾದವನಿಗೆ ಗೊತ್ತು.

ಇಲ್ಲಿ ಕನ್ನಡಿಗರು ಗಮನಿಸಬೇಕಾದ ಒಂದು ವಿಷಯವಿದೆ. ಓರ್ಟಾನ ಪಟ್ಟಿಗಳಲ್ಲಿ 'ಕನಾರಿಂ' ಎಂಬ ಭಾಷೆಯ ಹೆಸರು ಮತ್ತೆ ಮತ್ತೆ ಬರುತ್ತದೆ. ನೋಡಿದೊಡನೆ ಅದು ಕನ್ನಡವೆಂದು ಹಿಗ್ಗಬೇಡಿ. ಹಲಸಿಗೆ ಮಲಬಾರಿನಲ್ಲಿ 'ಜಾಕ', ಕನಾರಿಂ ಮತ್ತು ಗುಜರಾತಿಯಲ್ಲಿ 'ಪಣಸ' ಎಂದು ಆತ ಬರೆಯುತ್ತಾನೆ. ನಾವು ಹಲಸು ಎನ್ನುತ್ತೇವೆ, ಪಣಸ ಎನ್ನುವವರು ಕೊಂಕಣಿಗರು. ಪೋರ್ಚುಗೀಸರು ಕನ್ನಡ ನಾಡಿನ ಹೆಸರನ್ನೇ ಎಳೆದು ಗೋವಾದ ಜನರಿಗೂ ಅವರ ಕೊಂಕಣಿ ಮಾತಿಗೂ 'ಕನಾರಿಂ' ಎಂದು ಕರೆಯುತ್ತಿದ್ದರು. ಒಂದು ಹಣ್ಣಿನ ಹೆಸರು ಇಷ್ಟು ದೊಡ್ಡ ಗೊಂದಲವನ್ನು ಬಿಡಿಸಿಬಿಡುತ್ತದೆ, ನೋಡಿ.

ವಿಜಯನಗರದ ಕುದುರೆಯೂ ಅಡಿಗೆಮನೆಯ ಇಂಗೂ

ಆದರೆ ನಮ್ಮದೇ ಆದ ಒಂದು ಪ್ರಸಂಗ ಆ ಪುಸ್ತಕದಲ್ಲಿ ಇದ್ದೇ ಇದೆ. ವಿಜಯನಗರದಲ್ಲಿ ಒಬ್ಬ ಪೋರ್ಚುಗೀಸನ ಹತ್ತಿರ ಬೆಲೆಬಾಳುವ ಕುದುರೆಯಿತ್ತಂತೆ. ಆದರೆ ಅದಕ್ಕೆ ವಿಪರೀತ ಹೊಟ್ಟೆಯುಬ್ಬರ. ಅದೇ ಕಾರಣಕ್ಕೆ ರಾಜ ಅದನ್ನು ಕೊಳ್ಳಲಿಲ್ಲ. ಒಡೆಯ ಹಿಟ್ಟಿನಲ್ಲಿ ಇಂಗು ಕಲಸಿ ತಿನ್ನಿಸಿದ. ಕುದುರೆ ಗುಣವಾಯಿತು, ರಾಜ ಒಳ್ಳೆಯ ಬೆಲೆಗೆ ಕೊಂಡುಕೊಂಡ. ಹೇಗೆ ವಾಸಿ ಮಾಡಿದೆ ಎಂದು ಕೇಳಿದ್ದಕ್ಕೆ ಇಂಗು ಕೊಟ್ಟೆನೆಂದ. ಅದರಲ್ಲಿ ಆಶ್ಚರ್ಯವೇನು, ನೀನು ಕೊಟ್ಟದ್ದು ದೇವತೆಗಳ ಆಹಾರವಲ್ಲವೇ ಎಂದನಂತೆ ರಾಜ. ಇಂಗಿನ ವಾಸನೆ ಸಹಿಸಲಾಗದ ಪೋರ್ಚುಗೀಸ, ದೇವತೆಗಳದ್ದಲ್ಲ, ದೆವ್ವಗಳದ್ದು ಎಂದು ತನ್ನ ಭಾಷೆಯಲ್ಲಿ ಮೆಲ್ಲನೆ ಗೊಣಗಿಕೊಂಡನಂತೆ.

ಓರ್ಟಾ ಈ ಕಥೆಯನ್ನು ನಗುತ್ತಲೇ ಹೇಳುತ್ತಾನೆ. ಆದರೆ ಇಲ್ಲಿಯ ಜನ ಅಡಿಗೆಯಲ್ಲಿಯೂ ಮದ್ದಿನಲ್ಲಿಯೂ ಇಂಗನ್ನು ಎಷ್ಟು ಬಳಸುತ್ತಾರೆಂಬುದನ್ನು ಶ್ರದ್ಧೆಯಿಂದ ದಾಖಲಿಸುತ್ತಾನೆ. ಆತ ಬರೆದುಕೊಂಡ ಹೆಸರೂ 'ಇಂಗು' ಎಂಬುದೇ. ನಿಮ್ಮ ತಾಯಿ ಇಂದು ಬೆಳಿಗ್ಗೆ ಸಾರಿನ ಒಗ್ಗರಣೆಗೆ ಹಾಕಿದ ವಸ್ತುವಿನ ಹೆಸರು 1563ರಲ್ಲೇ ಗೋವಾದಲ್ಲಿ ಅಚ್ಚಾಗಿದೆ! ಆಗ ಹಂಪೆ ಇನ್ನೂ ನಿಂತಿತ್ತು. ತಾಳಿಕೋಟೆಯ ಯುದ್ಧಕ್ಕೆ ಎರಡು ವರ್ಷ ಬಾಕಿಯಿತ್ತು.

ಗಂಜಿಯ ಗುಣ

ಓರ್ಟಾನಿಗೆ ವೈದ್ಯಶಾಸ್ತ್ರದ ಇತಿಹಾಸದಲ್ಲಿ ದೊಡ್ಡ ಸ್ಥಾನ ತಂದುಕೊಟ್ಟದ್ದು ಕಾಲರಾ ಕುರಿತ ಸಂವಾದ. ಏಷ್ಯಾದ ಕಾಲರಾ ಬಗ್ಗೆ ಯುರೋಪಿನ ವೈದ್ಯರು ಬರೆದ ಮೊದಲ ವಿವರಣೆಗಳಲ್ಲಿ ಅದು ಒಂದು. ನಾಡಿ ಕ್ಷೀಣಿಸುವುದು, ಮೈಯೆಲ್ಲ ತಣ್ಣನೆಯ ಬೆವರು, ಗುಳಿಬಿದ್ದ ಕಣ್ಣು, ಕಾಲಿನ ಸೆಳೆತ, ಒಂದೇ ದಿನದೊಳಗೆ ಸಾವು. ರೋಗಿಯ ಪಕ್ಕದಲ್ಲಿ ಕುಳಿತು ನೋಡಿದವನು ಮಾತ್ರ ಬರೆಯಬಹುದಾದ ಚಿತ್ರವದು. ಸ್ಥಳೀಯರು ಅದಕ್ಕೆ 'ಮೋರ್ಷಿ' ಎನ್ನುತ್ತಾರೆಂದು ಹೆಸರನ್ನೂ ಕೊಡುತ್ತಾನೆ.

ಇಲ್ಲಿಯ ವೈದ್ಯರು ಏನು ಮಾಡುತ್ತಾರೆಂದು ರುವಾನೊ ಕೇಳುತ್ತಾನೆ. ಮೆಣಸು, ಜೀರಿಗೆ ಹಾಕಿದ ಅಕ್ಕಿಯ ಗಂಜಿ ಕುಡಿಸುತ್ತಾರೆ ಎನ್ನುತ್ತಾನೆ ಓರ್ಟಾ. ಪಾದಕ್ಕೆ ಬರೆ ಹಾಕುವುದು, ಕಣ್ಣಿಗೆ ಹಿಪ್ಪಲಿ ಹಾಕುವುದು ಮುಂತಾದ ಕ್ರೂರ ಉಪಾಯಗಳನ್ನೂ ಮುಚ್ಚಿಡದೆ ಬರೆಯುತ್ತಾನೆ. ಬರೆ ಹಾಕುವುದು ಮರೆತುಹೋಗಲಿ. ಗಂಜಿಯನ್ನು ಮಾತ್ರ ಮರೆಯಬೇಡಿ. ಕಾಲರಾದಲ್ಲಿ ಕೊಲ್ಲುವುದು ನೀರು ಮತ್ತು ಲವಣಗಳ ನಷ್ಟ. 1971ರಲ್ಲಿ ಬಂಗಾಳದ ನಿರಾಶ್ರಿತರ ಶಿಬಿರದಲ್ಲಿ ಡಾ. ದಿಲೀಪ್ ಮಹಲನೋಬಿಸ್ ಅವರು ಉಪ್ಪು ಮತ್ತು ಗ್ಲೂಕೋಸ್ ಬೆರೆಸಿದ ನೀರನ್ನು ಬಾಯಿಂದಲೇ ಕುಡಿಸಿ ಸಾವಿರಾರು ಜೀವ ಉಳಿಸಿದರು. ಆಮೇಲಿನ ಸಂಶೋಧನೆಗಳು ಗ್ಲೂಕೋಸ್ ಬದಲು ಅಕ್ಕಿಯ ಹಿಟ್ಟು ಸೇರಿಸಿದ ಉಪ್ಪಿನ ದ್ರಾವಣ ಕಾಲರಾ ರೋಗಿಗಳಲ್ಲಿ ಭೇದಿಯನ್ನು ಇನ್ನಷ್ಟು ತಗ್ಗಿಸುತ್ತದೆಂದು ತೋರಿಸಿವೆ. ಹೊಟ್ಟೆ ಕೆಟ್ಟಾಗ ಉಪ್ಪು ಹಾಕಿದ ಗಂಜಿ ಕುಡಿ ಎನ್ನುವ ಅಜ್ಜಿಯ ಮಾತನ್ನು ಇನ್ನು ಮೇಲೆ ನಕ್ಕು ತಳ್ಳಿಹಾಕುವಂತಿಲ್ಲ.

ಹಾಗೆಂದು ಓರ್ಟಾನನ್ನು ದೇವರಾಗಿಸಬೇಕಾಗಿಲ್ಲ. ಆತನೂ ತಪ್ಪಿದ್ದಾನೆ. ಹಿಪ್ಪಲಿ ಬೇರೆಯೇ ಗಿಡವೆಂದು ಸರಿಯಾಗಿ ಹೇಳಿದವನು, ಕರಿಮೆಣಸು ಮತ್ತು ಬಿಳಿಮೆಣಸು ಒಂದೇ ಬಳ್ಳಿಯವು ಎಂಬುದನ್ನು ತಿಳಿಯದೆ ಹೋದ. ನಮ್ಮ ವೈದ್ಯರಿಗೆ ಅನುಭವವಿದೆಯೇ ಹೊರತು ಅಂಗರಚನೆಯ ಜ್ಞಾನವಿಲ್ಲವೆಂದು ಹಗುರವಾಗಿಯೂ ಮಾತನಾಡಿದ. ಎಲ್ಲಕ್ಕಿಂತ ಮುಖ್ಯವಾಗಿ, ಅಂತೋನಿಯಾ ಸಂಬಳದ ಆಳಲ್ಲ, ಗುಲಾಮಳು. ಆ ಹೆಸರೂ ಕ್ರೈಸ್ತರು ಇಟ್ಟದ್ದು. ಎಲೆ, ಬೇರು, ಹಣ್ಣುಗಳ ಹೆಸರನ್ನು ನಾಲ್ಕಾರು ಭಾಷೆಗಳಲ್ಲಿ ಕೇಳಿ ಬರೆದುಕೊಂಡವನು ಅವಳ ತಾಯಿ ಅವಳನ್ನು ಏನೆಂದು ಕರೆಯುತ್ತಿದ್ದಳೆಂದು ಬರೆದಿಡಲಿಲ್ಲ.

ಬೂದಿಯಾದದ್ದು, ಉಳಿದದ್ದು

ಈಗ ಕಥೆಯ ಕಹಿಭಾಗಕ್ಕೆ ಬರುತ್ತೇನೆ. ಓರ್ಟಾನ ತಂಗಿಯರನ್ನು 1547ರಲ್ಲಿ ಲಿಸ್ಬನ್ನಿನಲ್ಲಿ ಇನ್‌ಕ್ವಿಸಿಶನ್ ಸೆರೆಹಿಡಿದಿತ್ತು. ಬಿಡುಗಡೆಯಾದ ಮೇಲೆ, 1549ರಲ್ಲಿ, ತಾಯಿಯೂ ತಂಗಿಯರೂ ಗೋವಾಕ್ಕೆ ಬಂದು ಆತನನ್ನು ಸೇರಿಕೊಂಡರು. ಸಮುದ್ರ ದಾಟಿದರೆ ಬದುಕಿಕೊಂಡೇವೆಂಬ ಆಸೆ. ಆದರೆ 1560ರಲ್ಲಿ ಇನ್‌ಕ್ವಿಸಿಶನ್ ಗೋವಾಕ್ಕೂ ಬಂತು.

ಓರ್ಟಾ ತನ್ನ ಪುಸ್ತಕ ಅಚ್ಚು ಹಾಕಿಸಿದ್ದು ಆ ನೆರಳಿನಲ್ಲಿ. ಪೋರ್ಚುಗಲ್ಲಿನ ಮಹಾಕವಿ ಕಮೊಯ್ನ್ಸ್ ಆಗ ಗೋವಾದಲ್ಲಿದ್ದ. ವೈದ್ಯನನ್ನು ಪೋಷಿಸಬೇಕೆಂದು ವೈಸರಾಯಿಯನ್ನು ಕೋರುವ ಪದ್ಯವೊಂದನ್ನು ಆತ ಈ ಪುಸ್ತಕಕ್ಕೆ ಬರೆದುಕೊಟ್ಟ. ಕಮೊಯ್ನ್ಸ್‌ನ ಕವಿತೆಗಳಲ್ಲಿ ಮೊದಲು ಅಚ್ಚಾದದ್ದು ಅದೇ.

1568ರಲ್ಲಿ ಓರ್ಟಾ ಗೋವಾದಲ್ಲಿ ತೀರಿಕೊಂಡ. ಗಣ್ಯ ಕ್ರೈಸ್ತನಿಗೆ ಸಲ್ಲುವ ಸಂಸ್ಕಾರವೇ ಆಯಿತು. ಆತ ಕಣ್ಮುಚ್ಚಿದ ಮೇಲೆ ತಂಗಿ ಕತಾರಿನಾಳ ಬಂಧನವಾಯಿತು. ಚಿತ್ರಹಿಂಸೆಯ ನಡುವೆ ಅವಳ ಬಾಯಿಂದ ಮಾತು ಹೊರಟಿತು: ನಮ್ಮ ಮನೆಯವರು ಹಿರಿಯರ ಧರ್ಮವನ್ನು ಬಿಟ್ಟಿರಲಿಲ್ಲ, ಅಣ್ಣನೂ ಬಿಟ್ಟಿರಲಿಲ್ಲ. 1569ರ ಅಕ್ಟೋಬರ್ 25ರಂದು ಕತಾರಿನಾಳನ್ನು ಗೋವಾದಲ್ಲಿ ಜೀವಂತವಾಗಿ ಸುಟ್ಟರು. ಹನ್ನೊಂದು ವರ್ಷಗಳ ನಂತರ, 1580ರ ಡಿಸೆಂಬರ್ 4ರಂದು, ಓರ್ಟಾನ ಎಲುಬುಗಳನ್ನು ಗೋರಿಯಿಂದ ಅಗೆದು ತೆಗೆದು ಅವನ್ನೂ ಸುಟ್ಟರು.

ಆದರೆ ಪುಸ್ತಕ ಅಷ್ಟು ಹೊತ್ತಿಗೆ ಅವರ ಕೈಮೀರಿ ಹೋಗಿತ್ತು. ಕ್ಲೂಸಿಯಸ್ ಎಂಬ ಸಸ್ಯಶಾಸ್ತ್ರಜ್ಞ ಅದರ ಪ್ರತಿಯನ್ನು ಪೋರ್ಚುಗಲ್ಲಿನಲ್ಲಿ ಕಂಡು, ಲ್ಯಾಟಿನ್ನಿಗೆ ಸಂಗ್ರಹಿಸಿ, 1567ರಲ್ಲೇ ಆಂಟ್‌ವರ್ಪ್ ನಗರದಲ್ಲಿ ಪ್ರಕಟಿಸಿದ. ಅಲ್ಲಿಂದ ಅದು ಯುರೋಪಿನಾದ್ಯಂತ ಹರಡಿತು. ಸತ್ತವನ ಎಲುಬು ಸುಡುತ್ತಿದ್ದ ಕಾಲಕ್ಕೇ ಆತನ ಮಾತನ್ನು ವೈದ್ಯರು ಓದುತ್ತಿದ್ದರು. ಆತನ ಯಹೂದಿ ಮೂಲದ ಕಥೆ ಮಾತ್ರ ದಫ್ತರಗಳಲ್ಲಿ ಹೂತುಹೋಗಿತ್ತು. ವಿಚಾರಣೆಯ ಕಡತಗಳನ್ನು ಓದಿ ವಿದ್ವಾಂಸ ಸಿಲ್ವಾ ಕರ್ವಾಲ್ಯೊ 1934ರಲ್ಲಿ ಪ್ರಕಟಿಸಿದ ಮೇಲೆಯೇ ಲೋಕಕ್ಕೆ ಅದು ತಿಳಿದದ್ದು. ಇಂದು ಪಣಜಿಯಲ್ಲಿ, ದೊಡ್ಡ ಇಗರ್ಜಿಯ ಎದುರಿಗೆ, ಗಾರ್ಸಿಯಾ ದ ಓರ್ಟಾ ಹೆಸರಿನ ಉದ್ಯಾನವಿದೆ. 1991ರಲ್ಲಿ ಪೋರ್ಚುಗಲ್ ಹೊರತಂದ 200 ಎಸ್ಕುದೊ ನಾಣ್ಯದ ಮೇಲೆ ಆತನ ಮುಖವಿತ್ತು.

ಡಬ್ಬಿಯಲ್ಲಿದ್ದ ಬೇರು

ಕೊನೆಗೊಂದು ಸ್ವಂತ ಮಾತು ಹೇಳಿಬಿಡುತ್ತೇನೆ. ನಮ್ಮ ಅಮ್ಮನ ಹತ್ತಿರ ಒಂದು ಹಳೆಯ ತಗಡಿನ ಡಬ್ಬಿಯಿತ್ತು. ಊರಿನಿಂದ ಮುಂಬಯಿಗೆ ಬರುವಾಗ ಸೀರೆಗಳ ನಡುವೆ ಇಟ್ಟು ತಂದದ್ದು. ಮಕ್ಕಳಿಗೆ ಹೊಟ್ಟೆನೋವು ಬಂದರೆ ಅದರಿಂದ ಏನನ್ನೋ ತೆಗೆದು, ಸಾಣೆಕಲ್ಲಿನ ಮೇಲೆ ತೇಯ್ದು, ಜೇನಿನಲ್ಲಿ ನೆಕ್ಕಿಸುತ್ತಿದ್ದಳು. ಅವಳು ಹೋದ ಮೇಲೆ ಡಬ್ಬಿ ತೆರೆದೆ. ಬಜೆ ಗುರುತು ಸಿಕ್ಕಿತು, ಜಾಯಿಕಾಯಿ ಸಿಕ್ಕಿತು, ಹಿಪ್ಪಲಿ ಸಿಕ್ಕಿತು. ಒಂದು ಬೇರು ಮಾತ್ರ ಯಾವುದೆಂದು ತಿಳಿಯಲಿಲ್ಲ. ನಾರುಬೇರಿನ ಅಂಗಡಿಯವನು ಮೂಸಿ ನೋಡಿ ತಲೆಯಾಡಿಸಿದ. ಅಕ್ಕನಿಗೂ ಗೊತ್ತಿಲ್ಲ. ಅಮ್ಮ ಅದಕ್ಕೊಂದು ಹೆಸರು ಹೇಳುತ್ತಿದ್ದಳು, ಕನಿಷ್ಠ ನೂರು ಸಲ ಕೇಳಿದ್ದೇನೆ. ಕಿವಿಯಲ್ಲಿ ಉಳಿಯಲಿಲ್ಲ. ಬೇರು ಇನ್ನೂ ಡಬ್ಬಿಯಲ್ಲಿದೆ. ಹೆಸರಿಲ್ಲದ ಮೇಲೆ ಅದನ್ನು ಯಾರಿಗೂ ತೇಯ್ದು ಕೊಡುವಂತಿಲ್ಲ.

ಓರ್ಟಾನ ಮನೆಯವರು ತಮ್ಮ ಮನೆಮಾತನ್ನೂ ಹಿರಿಯರ ಹೆಸರನ್ನೂ ಬಾಗಿಲು ಹಾಕಿಕೊಂಡು ಪಿಸುಗುಟ್ಟಬೇಕಾಗಿತ್ತು. ನಮ್ಮ ನಿಮ್ಮ ಬಾಯಿಗೆ ಯಾರೂ ಬೀಗ ಹಾಕಿಲ್ಲ. ಬಸ್ಸಿನಲ್ಲಿ, ಲೋಕಲ್ ಗಾಡಿಯಲ್ಲಿ, ಕಾಲೇಜಿನಲ್ಲಿ ಧಾರಾಳವಾಗಿ ಕನ್ನಡ ಮಾತನಾಡಬಹುದು. ಆದರೂ ಮನೆಯಲ್ಲಿ ಹಿರಿಯರು ಕನ್ನಡದಲ್ಲಿ ಕೇಳಿದ್ದಕ್ಕೆ ಬೇರೆ ಭಾಷೆಯಲ್ಲಿ ಉತ್ತರಿಸಿ ಎದ್ದುಹೋಗುತ್ತೇವೆ. ಇದನ್ನು ಬೈಗುಳವೆಂದು ತಿಳಿಯಬೇಡಿ. ನಾನೇ ಹಾಗೆ ಮಾಡಿದವನು, ಅದಕ್ಕೇ ಹೇಳುತ್ತಿದ್ದೇನೆ.

ಈ ಭಾನುವಾರ ಒಂದು ನೋಟುಪುಸ್ತಕ ಹಿಡಿದು ಅಡಿಗೆಮನೆಗೆ ಹೋಗಿ. ಅಜ್ಜಿಯೋ ಅಮ್ಮನೋ ದೊಡ್ಡಮ್ಮನೋ, ಯಾರಿದ್ದರೆ ಅವರನ್ನು ಕೇಳಿ. ಇದಕ್ಕೆ ನಮ್ಮೂರಿನಲ್ಲಿ ಏನೆನ್ನುತ್ತಾರೆ? ಧಾರವಾಡದ ಕಡೆ ಏನು, ಮಂಗಳೂರಿನ ಕಡೆ ಏನು? ಪಕ್ಕದ ಮನೆಯ ಮರಾಠಿಯವರು, ಗುಜರಾತಿಯವರು ಏನೆನ್ನುತ್ತಾರೆ? ಕರಿಮೆಣಸೋ ಒಳ್ಳೆಮೆಣಸೋ ಎಂದು ಮನೆಯಲ್ಲಿ ಜಗಳವೇ ಆದರೂ ಆಗಲಿ, ಎರಡನ್ನೂ ಬರೆದುಕೊಳ್ಳಿ. ಹೇಳಿದವರ ಹೆಸರನ್ನು ಬರೆಯುವುದನ್ನು ಮಾತ್ರ ಮರೆಯಬೇಡಿ. ಅಷ್ಟು ದೊಡ್ಡ ವೈದ್ಯ ಅದೊಂದನ್ನು ಮರೆತ.